ವಡಾಲದ ಮಳೆಮರಗಳ ಖಿನ್ನತೆ: ಕಟ್ಟೆಯ ಟೈಲ್ಸುಗಳ ಸರ್ವಧರ್ಮ ಸಂವಾದದ ವಿಶೇಷ ಉಲ್ಲೇಖದೊಡನೆ ಒಂದು ಅಂತರಶಿಸ್ತೀಯ ಅಧ್ಯಯನ

ಪೀಠಿಕೆ

ಮನೋವೈದ್ಯರು ಮರದ ಬುಡಕ್ಕೆ ಬರುವುದಿಲ್ಲ, ಸಸ್ಯಶಾಸ್ತ್ರಜ್ಞರು ದರ್ಗಾಕ್ಕೆ ಹೋಗುವುದಿಲ್ಲ, ಧರ್ಮಸಂವಾದದ ಪಂಡಿತರು ಹವಾನಿಯಂತ್ರಿತ ಸಭಾಂಗಣ ಬಿಟ್ಟು ಈಚೆ ಕಾಲಿಡುವುದಿಲ್ಲ. ಹೀಗಾಗಿ ಮೂರು ಶಾಸ್ತ್ರಗಳ ನಡುವೆ ದೊಡ್ಡ ಕಂದಕ ಬಿದ್ದಿದೆ. ಕಂದಕ ಕಂಡಲ್ಲಿ ಒಂದು ಪಿಎಚ್.ಡಿ. ಅಡಗಿದೆ ಎಂಬುದು ವಿದ್ವಜ್ಜನರಿಗೆ ಗೊತ್ತಿರುವ ಗುಟ್ಟು.

ಕ್ಷೇತ್ರವಾಗಿ ಮುಂಬಯಿಯ ವಡಾಲವನ್ನೇ ಆರಿಸಿಕೊಳ್ಳಲು ಶಾಸ್ತ್ರೀಯ ಕಾರಣಗಳು ಹಲವಿವೆ. ಆಷಾಢ ಏಕಾದಶಿಯಂದು 'ಪ್ರತಿ ಪಂಢರಪುರ'ವೇ ಆಗಿಬಿಡುವ ವಿಠ್ಠಲ ಮಂದಿರ ಇಲ್ಲಿದೆ. ಗೌಡ ಸಾರಸ್ವತ ಬ್ರಾಹ್ಮಣರ ರಾಮಮಂದಿರವಿದೆ, ಅಂಟಾಪ್ ಹಿಲ್‌ನಲ್ಲಿ ಶೇಖ್ ಮಿಸ್ರಿ ದರ್ಗಾ ಇದೆ, ಫೈವ್ ಗಾರ್ಡನ್ಸ್ ಕಡೆ ಹೊರಳಿದರೆ ಪಾರ್ಸಿಗಳ ಕಾಲೊನಿ. ವಿಠ್ಠಲನನ್ನು ಸಂತ ಜ್ಞಾನದೇವರೇ ಕನ್ನಡಿಗನೆಂದು ಹಾಡಿರುವುದರಿಂದ, ಅನುದಾನದ ಅರ್ಜಿಯಲ್ಲಿ 'ಹೊರನಾಡ ಕನ್ನಡಿಗರ ಅಧ್ಯಯನ' ಎಂಬ ಚೌಕಕ್ಕೂ ಧೈರ್ಯವಾಗಿ ಟಿಕ್ ಹಾಕಬಹುದು. ಇದಲ್ಲದೆ ಈ ಸಂಶೋಧಕನ ಮನೆ ವಡಾಲದಲ್ಲಿಯೇ ಇದ್ದು, ಕ್ಷೇತ್ರಕಾರ್ಯದ ಭತ್ಯೆ ಪೂರ್ತಿ ಉಳಿಯುತ್ತದೆ.

ಸಂಶೋಧನಾ ವಿಧಾನ

ಮಳೆಮರಗಳ ಎದುರು ನಿಂತು ಪ್ರಶ್ನಾವಳಿಯನ್ನು ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಸ್ಪಷ್ಟವಾಗಿ ಓದಿ ಹೇಳಲಾಯಿತು. ಶೇಕಡಾ 100ರಷ್ಟು ಮರಗಳು ಉತ್ತರಿಸಲಿಲ್ಲ. ಇಷ್ಟು ಖಚಿತವಾದ ಫಲಿತಾಂಶ ಮಾನವಿಕ ವಿಭಾಗಗಳಲ್ಲಿ ಅಪರೂಪ. ಮೌನಂ ಸಮ್ಮತಿ ಲಕ್ಷಣಂ ಎಂಬ ಪ್ರಮಾಣದ ಮೇರೆಗೆ ಸಮ್ಮತಿಪತ್ರದ ತಕರಾರೂ ಅಲ್ಲಿಗೆ ಇತ್ಯರ್ಥವಾಯಿತು. ಪಕ್ಕದಲ್ಲಿ ಹೂವು ಮಾರುತ್ತಿದ್ದ ಕಲಬುರಗಿ ಕಡೆಯ ಬಾಯಿಯೊಬ್ಬರು ಕೆಲಹೊತ್ತು ನೋಡಿ, "ಯಾಕ್ರೀ ಸರ, ಮರಕ್ಕ ಮೈಯಾಗ ಆರಾಮಿಲ್ಲೇನ್ರಿ?" ಎಂದರು. ಇದನ್ನು 'ರೋಗಿಯ ಆಪ್ತರ ಹೇಳಿಕೆ' ಎಂಬ ಕಾಲಮ್ಮಿನಲ್ಲಿ ದಾಖಲಿಸಿಕೊಳ್ಳಲಾಗಿದೆ.

ರೋಗನಿದಾನ

ಅಮೆರಿಕದ ಮನೋವೈದ್ಯರ ಕೈಪಿಡಿ 1980ರ ಮೂರನೆಯ ಆವೃತ್ತಿಯಿಂದೀಚೆಗೆ ಲಕ್ಷಣಗಳ ಪಟ್ಟಿಯನ್ನು ನೆಚ್ಚಿಕೊಂಡಿದೆ. 2013ರ ಐದನೆಯ ಆವೃತ್ತಿಯ ಪ್ರಕಾರ, ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಎರಡು ವಾರ ಬಿಡದೆ ಕಂಡರೆ ಅದು ತೀವ್ರ ಖಿನ್ನತೆ. ಈಗ ಮಳೆಮರವನ್ನು ಪರೀಕ್ಷಿಸೋಣ. ಸಂಜೆಯಾಗುತ್ತಲೇ ಎಲೆ ಮಡಚಿ ಮಲಗುತ್ತದೆ, ಮೋಡ ಕವಿದರೆ ಹಗಲಲ್ಲೂ ಮಲಗುತ್ತದೆ: ಅತಿನಿದ್ರೆ. ನಿಂತಲ್ಲಿಂದ ಕದಲುವುದಿಲ್ಲ: ಚಲನೆಯ ಮಂದತೆ. ಎಲೆ ಉದುರಿಸಿಕೊಂಡು ತೂಕ ಕಳೆದುಕೊಳ್ಳುತ್ತದೆ. ಸುತ್ತ ಗಣೇಶೋತ್ಸವದ ಡೋಲು ಬಡಿಯುತ್ತಿದ್ದರೂ ಆಸಕ್ತಿ ತೋರುವುದಿಲ್ಲ. ಯಾವ ನಿರ್ಧಾರವನ್ನೂ ಕೈಗೊಂಡ ದಾಖಲೆಯಿಲ್ಲ. ಐದಕ್ಕೆ ಐದು! ಎರಡು ವಾರವೇನು, ಇವು ನೆಟ್ಟ ದಿನದಿಂದಲೂ ಹೀಗೆಯೇ.

ಕೊಲ್ಲಿಯಂಚಿನ ಕಾಂಡ್ಲಾ ಗಿಡಗಳ ಸ್ಥಿತಿ ಇನ್ನೂ ಗಂಭೀರ. ಎಲೆಗಳಿಂದ ಉಪ್ಪು ಒಸರುತ್ತದೆ, ಬೇರುಗಳು ಉಸಿರಿಗಾಗಿ ಕೆಸರಿನಿಂದ ಮೇಲೆದ್ದು ನಿಂತಿವೆ. ಅಳುವೂ ಏದುಸಿರೂ ಕೂಡಿದ ಈ ಪ್ರಕರಣಗಳನ್ನು ತಜ್ಞರಿಗೆ ಒಪ್ಪಿಸಿದ್ದೇವೆ.

ಪೂರ್ವಪಕ್ಷ ಮತ್ತು ಅದರ ಖಂಡನೆ

ಇಲ್ಲಿ ಸಸ್ಯಶಾಸ್ತ್ರಿಗಳು ತಕರಾರು ತೆಗೆಯಬಹುದು. ಎಲೆತೊಟ್ಟಿನ ಬುಡದಲ್ಲಿ ಉಬ್ಬಿದ ಗಿಣ್ಣೊಂದಿದೆ. ಅದರ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಒಳಹೊರಗೆ ಓಡಾಡುತ್ತದೆ, ಹಿಂದೆಯೇ ನೀರೂ ಹರಿಯುತ್ತದೆ, ಎಲೆ ಮಡಚುತ್ತದೆ. ಇದರಲ್ಲಿ ದುಃಖದ ಪ್ರಶ್ನೆ ಎಲ್ಲಿ ಬಂತು ಎಂಬುದು ಅವರ ವಾದ. 1729ರಲ್ಲಿ ಫ್ರಾನ್ಸಿನ ದ ಮೇರಾಂ ಎಂಬಾತ ಮುಟ್ಟಿದರೆ ಮುನಿಯನ್ನು ಕತ್ತಲಲ್ಲಿಟ್ಟು, ಬೆಳಕಿಲ್ಲದೆಯೂ ಅದು ಹೊತ್ತುಹೊತ್ತಿಗೆ ಎಲೆ ಬಿಚ್ಚಿ ಮಡಚುವುದನ್ನು ಕಂಡಿದ್ದನ್ನೂ ಅವರು ಮುಂದಿಡುತ್ತಾರೆ. ಸರಿಯೇ. ಆದರೆ ಇದು ವಿವರಣೆ, ನಿದಾನವಲ್ಲ. ವಿವರಣೆಗೆ ಕೋಡ್ ನಂಬರ್ ಇರುವುದಿಲ್ಲ. ಕೋಡ್ ನಂಬರ್ ಇಲ್ಲದ್ದಕ್ಕೆ ವಿಮೆ ಸಿಗುವುದಿಲ್ಲ.

ನಿದಾನದ ಅಧಿಕಾರ ಎಷ್ಟು ದೊಡ್ಡದೆಂದರೆ ಅದು ಮತದಾನದಿಂದಲೂ ನಿಲ್ಲಬಲ್ಲದು. 1973ರ ಡಿಸೆಂಬರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಆಡಳಿತ ಮಂಡಳಿ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಮರುವರ್ಷ ಸದಸ್ಯರ ಮತದಾನದಲ್ಲಿ ಆ ತೀರ್ಮಾನ ಊರ್ಜಿತವಾಯಿತು. ರಾತ್ರಿ ರೋಗಿಗಳಾಗಿ ಮಲಗಿದವರು ಬೆಳಗಿನ ಕಾಫಿಗೆ ನಿರೋಗಿಗಳಾಗಿ ಎದ್ದರು. ಮಳೆಮರಗಳಿಗೆ ಮತದಾನದ ಹಕ್ಕು ಸಿಗುವವರೆಗೂ ನಮ್ಮ ನಿದಾನಕ್ಕೆ ಅಪಾಯವಿಲ್ಲ.

ಸರ್ವಧರ್ಮ ಸಂವಾದ

ಮರದ ಸಿಮೆಂಟು ಕಟ್ಟೆಯ ಸುತ್ತ ಅಂಗೈಯಗಲದ ಟೈಲ್ಸುಗಳ ಸಾಲು. ಗಣಪತಿ, ಸಾಯಿಬಾಬಾ, ಮಕ್ಕಾದ ಕಾಬಾ, ವೇಲಾಂಕಣಿ ಮಾತೆ, ಗುರು ನಾನಕ್, ಬುದ್ಧ. ಗಣಪತಿಯ ಬಲಮೂಲೆ ಒಡೆದಿದೆ. ಕಾಬಾದ ಅಂಚಿಗೆ ಪಾನಿನ ಕೆಂಪು ಸಿಡಿದು, ಯಾರೋ ಒರೆಸಿ ಅರ್ಧಕ್ಕೇ ಬಿಟ್ಟಿದ್ದಾರೆ. ನಾನಕರ ಮೇಲೆ ಬಾಡಿದ ಚೆಂಡುಹೂವು.

1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರ್ 11ರಿಂದ 27ರವರೆಗೆ ನಡೆಯಿತು. ಚಪ್ಪಾಳೆ ಬೇಕಾದಷ್ಟು ಬಿತ್ತು, ಒಮ್ಮತ ಹುಟ್ಟಲಿಲ್ಲ. 1965ರಲ್ಲಿ ವ್ಯಾಟಿಕನ್ ಪರಿಷತ್ತು ಅನ್ಯಧರ್ಮಗಳ ಬಗ್ಗೆ ಘೋಷಣೆ ಹೊರಡಿಸಿತು. ದೇವತಾಶಾಸ್ತ್ರಜ್ಞರು ಅದನ್ನು ಇನ್ನೂ ವ್ಯಾಖ್ಯಾನಿಸುತ್ತಿದ್ದಾರೆ. ವಡಾಲದ ಟೈಲ್ಸುಗಳ ಸಾಲಿನಲ್ಲಿ ಮಾತ್ರ ಎಲ್ಲ ಧರ್ಮಗಳೂ ಒಂದೇ ಸೂತ್ರಕ್ಕೆ ಒಕ್ಕೊರಲಿನಿಂದ ಸಹಿ ಹಾಕಿವೆ: ಇಲ್ಲಿ ಮೂತ್ರ ಮಾಡಬಾರದು. ಭಾಷ್ಯ ಬೇಕಿಲ್ಲದ ಸೂತ್ರ ಇದೊಂದೇ. ಇದನ್ನು ಪಾಲಿಸದವರು ಯಾವ ಧರ್ಮಕ್ಕೂ ಸೇರಿದವರಲ್ಲ ಎಂಬುದು ಕಟ್ಟೆಯ ಮೇಲಿನ ಕಲೆಗಳಿಂದ ಸಿದ್ಧವಾಗುತ್ತದೆ.

ಪೂರ್ವಾಧ್ಯಯನಗಳ ಸಮೀಕ್ಷೆ

ರೋಗನಿದಾನ, ಸಸ್ಯ, ಸರ್ವಧರ್ಮ ಈ ಮೂರನ್ನು ಒಂದೇ ಆವರಣದಲ್ಲಿ ತಂದ ಮೊದಲಿಗರು ನಾವೇ ಎಂದು ಹೇಳಿಕೊಳ್ಳುವ ಆಸೆಯಿತ್ತು. ಅದಕ್ಕೆ ಅಡ್ಡವಾಗಿ ವಡಾಲದಲ್ಲೇ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ ನಿಂತಿದೆ. ಮರಾಠಿ ಪೊವಾಡಗಳನ್ನು ಇಂಗ್ಲಿಷಿಗೆ ತಂದ ಮುನಿಸಿಪಲ್ ಕಮಿಷನರ್ ಆಕ್ವರ್ತ್ 1890ರಲ್ಲಿ ಊರಾಚೆ ಇದನ್ನು ಕಟ್ಟಿಸಿದ. ಬೀದಿಯಲ್ಲಿದ್ದ ಕುಷ್ಠರೋಗಿಗಳು ಒಳಗೆ ಬಂದರು. ಅವರಿಗೊಂದು ದೇವಸ್ಥಾನ, ಮಸೀದಿ, ಚಾಪೆಲ್. ಕೊಳಚೆ ನೀರು ಹಾಯಿಸಿದ ಹೊಲದಲ್ಲಿ ರೋಗಿಗಳದ್ದೇ ಬೇಸಾಯ.

ಅಲ್ಲಿ ನಿದಾನವೆಂದರೆ ಕೋಡ್ ನಂಬರಲ್ಲ, ಗೋಡೆ. ಹ್ಯಾನ್ಸನ್ ಎಂಬ ವೈದ್ಯ 1873ರಲ್ಲೇ ಕುಷ್ಠದ ರೋಗಾಣುವನ್ನು ಗುರುತಿಸಿದ್ದ. 1898ರ ಕುಷ್ಠರೋಗಿಗಳ ಕಾಯ್ದೆ, ಬಡ ಕುಷ್ಠರೋಗಿಯನ್ನು ವಾರಂಟಿಲ್ಲದೆ ಹಿಡಿಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಕುಷ್ಠ ಗುಣಪಡಿಸುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಕಾಯ್ದೆ ರದ್ದಾದದ್ದು ಅದಾಗಿ 35 ವರ್ಷಕ್ಕೆ, 2016ರಲ್ಲಿ. ಕುಷ್ಠವೆಂಬ ಕಾರಣಕ್ಕೆ ವಿಚ್ಛೇದನ ಕೊಡುವುದು ನಿಂತದ್ದು 2019ರಲ್ಲಿ. ಅದರ ಪಕ್ಕದಲ್ಲೇ ಕೂತಿದ್ದ ಮನೋರೋಗ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮಿನಲ್ಲಿ ಇಂದಿಗೂ ಕೂತೇ ಇದೆ. ಮರಗಳು ಮದುವೆಯಾಗದಿರುವುದು ಈ ದೃಷ್ಟಿಯಿಂದ ಜಾಣತನ.

ಪ್ರಕಟಣೆಯ ಇತಿಹಾಸ

ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಮಾನ್ಯತೆಯ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಕಿತ್ತುಹಾಕಿತು. ಅವುಗಳಲ್ಲಿ ಒಂದಾದರೂ ಉಳಿದಿದ್ದರೆ ಈ ಪ್ರಬಂಧ ಎಂದೋ ಅಚ್ಚಾಗುತ್ತಿತ್ತು.

ಅಧ್ಯಯನದ ಮಿತಿಗಳು

ಎಲ್ಲ ಪ್ರಬಂಧಗಳಂತೆ ಇದಕ್ಕೂ ಮಿತಿಗಳಿವೆ; ವಾಡಿಕೆಯಂತೆ ಅವನ್ನು ಯಾರೂ ಓದದ ಜಾಗದಲ್ಲಿ ಇಡಲಾಗಿದೆ. ಟೈಲ್ಸುಗಳನ್ನು ಕೂರಿಸಿದ ಸಿಮೆಂಟು ತೊಗಟೆಯವರೆಗೂ ಬಂದು ಮುಟ್ಟಿದ್ದು, ಮಳೆನೀರು ಬೇರಿಗೆ ಇಳಿಯಲು ಬೆರಳಿನಷ್ಟೂ ಸಂದಿಲ್ಲ; ಇದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಮುಂಬಯಿಯ ಎಷ್ಟೋ ಮಳೆಮರಗಳನ್ನು ಹಿಟ್ಟು ತಿಗಣೆ ಎಂಬ ಬಿಳಿ ಕೀಟ ರಸ ಹೀರಿ ಒಣಗಿಸಿದೆ. ಕೀಟಶಾಸ್ತ್ರ ನಾಲ್ಕನೆಯ ಶಿಸ್ತಾಗುವುದರಿಂದ ಅದನ್ನೂ ಕೈಬಿಡಲಾಗಿದೆ. ಪೈಪು, ಕೇಬಲ್ಲುಗಳಿಗಾಗಿ ಅಗೆದವರು ಬೇರು ಕಡಿದಿದ್ದಾರೆಯೇ ಎಂದು ವಿಚಾರಿಸಲಿಲ್ಲ. ಇಂಥ ಹೊರಗಿನ ಕಾರಣಗಳನ್ನು ಹುಡುಕುತ್ತ ಹೋದರೆ ಖಿನ್ನತೆಯ ಸಿದ್ಧಾಂತವೇ ಬಿದ್ದುಹೋಗುತ್ತದೆ.

ಶಿಫಾರಸು

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಲು ಆದೇಶಿಸಿತು. ಅದನ್ನೇ ಇಲ್ಲೂ ಕೇಳಬಹುದು. ವಡಾಲ ಸೇರುವುದು ಮುಂಬಯಿ ಪಾಲಿಕೆಯ ಎಫ್ ಉತ್ತರ ವಾರ್ಡಿಗೆ. ಅದರ ಕಚೇರಿ ಮಾಟುಂಗಾದ ಭಾವು ದಾಜಿ ರಸ್ತೆಯಲ್ಲಿದೆ. ಕುಷ್ಠಕ್ಕೆ ಗಿಡಮೂಲಿಕೆಯ ಮದ್ದು ಹುಡುಕಿದ ಡಾ. ಭಾವು ದಾಜಿ ಲಾಡ್ ಅವರದೇ ಹೆಸರಿನ ರಸ್ತೆ. ನಮ್ಮ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲೇ. ಓದುಗರು ಅಲ್ಲಿಗೆ ನಾಟಕಕ್ಕೋ ಉಪನ್ಯಾಸಕ್ಕೋ ಹೋಗುವ ದಿನ ಕಚೇರಿ ಮುಚ್ಚುವುದರೊಳಗೆ ತಲುಪಿ, ತಮ್ಮ ಓಣಿಯ ಮರದ ಫೋಟೋ ಲಗತ್ತಿಸಿ, ಬುಡದ ಸಿಮೆಂಟು ಒಂದು ಮೀಟರ್ ಬಿಡಿಸಿಕೊಡಿ ಎಂದು ಉದ್ಯಾನ ವಿಭಾಗಕ್ಕೊಂದು ಅರ್ಜಿ ಕೊಟ್ಟು ಬರಬೇಕಾಗಿ ವಿನಂತಿ. ಟೈಲ್ಸುಗಳನ್ನು ಎದುರು ಗೋಡೆಗೆ ಹಚ್ಚಿದರಾಯಿತು. ಅದಕ್ಕೆ ಯಾವ ದೇವರ ತಕರಾರೂ ಇಲ್ಲ.