ಪಾಸ್ಟರ್ ಮಲಗಿದ್ದಾರೆ

ಪುಣೆ ವಾಮಕುಕ್ಷಿಗೆ, ಮಧ್ಯಾಹ್ನದ ನಿದ್ದೆಗೆ, ಹೆಸರಾದ ಊರು. ಬಾಕರವಡಿ ತಿಂಡಿಯ ಚಿತಳೆ ಬಂಧುಗಳ ಅಂಗಡಿಯೇ ಎಷ್ಟೋ ವರ್ಷ ಮಧ್ಯಾಹ್ನ 1ರಿಂದ 4ರವರೆಗೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಇಂಥ ಊರಿನಲ್ಲಿ ಆ ಹೊತ್ತಿಗೆ ಎಚ್ಚರವಿರುವ ಪ್ರಾಣಿ ಒಂದೇ: ಕನ್ನಡ ಸಭೆಯ ಪಾಸ್ಟರ್, ಅಂದರೆ ನಾನು.

ನಮ್ಮ ಸಭೆಯವರಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಬೆಳಗ್ಗೆ ಸಸೂನ್ ಆಸ್ಪತ್ರೆಯಲ್ಲಿ ಯಾರಿಗೋ ಪ್ರಾರ್ಥನೆ, ಮಧ್ಯಾಹ್ನ ಹಡಪ್ಸರದಲ್ಲಿ ಗಂಡ-ಹೆಂಡಿರ ಜಗಳ, ಸಂಜೆ ಯೆರವಡಾದಲ್ಲಿ ಕೂಸಿಗೆ ಹೆಸರಿಡುವುದು, ರಾತ್ರಿ ಉಪವಾಸ ಪ್ರಾರ್ಥನೆ. ನಡುವೆ ಊಟಕ್ಕೆ ಹೊತ್ತೇ ಸಿಗದ್ದರಿಂದ ಉಪವಾಸಕ್ಕೆ ನಾನು ಬೇರೆ ತಯಾರಿ ಮಾಡಬೇಕಾಗಿರಲಿಲ್ಲ.

ಒಂದು ಮನೆಯಲ್ಲಿ ಪ್ರಾರ್ಥನೆಗೆಂದು ಎಲ್ಲರೂ ಕಣ್ಣು ಮುಚ್ಚಿದರು. ಎಲ್ಲರೂ ತೆರೆದರು, ನಾನು ತೆರೆಯಲಿಲ್ಲ. ಗೊರಕೆ ಶುರುವಾಯಿತಂತೆ. ಮೂಲೆಯಲ್ಲಿದ್ದ ಅಜ್ಜಿ, "ಸುಮ್ಮನಿರ್ರಿ, ಪಾಸ್ಟರ್ರಿಗೆ ಪವಿತ್ರಾತ್ಮನ ಅನ್ಯಭಾಷಾ ಬಂದೈತಿ" ಎಂದು ಎಲ್ಲರನ್ನೂ ಮೊಣಕಾಲೂರಿಸಿದರಂತೆ. ನನಗೆ ಎಚ್ಚರವಾದಾಗ ಇಡೀ ಮನೆ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಆ ವಾರ ಕಾಣಿಕೆ ಏರಿತು.

ಏರಿದ್ದು ಕಾಣಿಕೆ ಮಾತ್ರವಲ್ಲ, ಬಿಪಿಯೂ. ಡಾಕ್ಟರು, "ಪಾಸ್ಟರಾ? ಭಾನುವಾರ ಒಂದು ದಿನ ಕೆಲಸ ತಾನೇ?" ಎಂದು ಕೇಳಿ ಅದನ್ನು ಇನ್ನೊಂದಿಷ್ಟು ಏರಿಸಿದರು. ಆಮೇಲೆ ಮಾತ್ರೆಯ ಜೊತೆಗೆ ಮಧ್ಯಾಹ್ನದ ನಿದ್ದೆಯನ್ನೂ ಬರೆದುಕೊಟ್ಟರು.

ಬಾಗಿಲಿಗೆ ಖಾರವಾದ ಫಲಕ ತೂಗುಹಾಕುವುದು ಪುಣೆಯವರ ಹಳೆಯ ಕಲೆ; ಪುಣೇರಿ ಪಾಟಿ ಎನ್ನುತ್ತಾರೆ. ನಾನೂ ಒಂದು ಬರೆದೆ: "1ರಿಂದ 4 ಪಾಸ್ಟರ್ ಮಲಗಿರುತ್ತಾರೆ. ಬೆಲ್ ಒತ್ತಬಾರದು. ಲೋಕದ ಅಂತ್ಯವಾದರೆ ನಮಗೂ ತಿಳಿಯುತ್ತದೆ." ಜನ ಮೊದಲ ಸಾಲು ಮಾತ್ರ ಓದಿದರು. ಹಾಡುಹಗಲೇ ಮಲಗುತ್ತಾರೆಂದರೆ ಜಡ್ಡು ದೊಡ್ಡದೇ ಇರಬೇಕಲ್ಲ! ಎರಡು ಗಂಟೆಗೆ ನನ್ನ ಮಂಚದ ಸುತ್ತ ಅರ್ಧ ಸಭೆ, ಜೊತೆಗೊಂದು ಡೋಲಕ್. ನನ್ನ ಆರೋಗ್ಯಕ್ಕಾಗಿ ನಾಲ್ಕರವರೆಗೆ ಹಾಡಿದರು. ಅವರಿಗೆಲ್ಲ ಚಹಾ ಮಾಡಿ ಮಾಡಿ ನನ್ನ ಹೆಂಡತಿ ಮಲಗಿದಳು.

ಸಭೆಯ ಹಿರಿಯರೊಬ್ಬರಿಗೆ ಮಾತ್ರ ಈ ವ್ಯವಹಾರ ಹಿಡಿಸಲಿಲ್ಲ. "ಪಂಡಿತಾ ರಮಾಬಾಯಿಯವರು ಮಧ್ಯಾಹ್ನ ಮಕ್ಕೋತಿದ್ರೇನ್ರಿ?" ಎಂದರು. ಏನು ಹೇಳಲಿ? 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ದಿಕ್ಕೆಟ್ಟ ಹೆಣ್ಣುಮಕ್ಕಳನ್ನು ಸಾಕಿ, 1922ರಲ್ಲಿ ತೀರಿಕೊಳ್ಳುವ ಮೊದಲು ಬೈಬಲನ್ನು ಮರಾಠಿಗೆ ತಂದವರು ಅವರು. ನಾನೋ, ಭಾನುವಾರದ ಪ್ರಸಂಗವನ್ನು ಶನಿವಾರ ರಾತ್ರಿ ಹನ್ನೊಂದಕ್ಕೆ ಬರೆಯಲು ಕೂರುವವನು. ರಮಾಬಾಯಿಯ ಹೆಸರೆತ್ತಿದರೆ ಈ ಸೀಮೆಯ ಯಾವ ಪಾಸ್ಟರಿಗೂ ತಲೆದಿಂಬು ದಕ್ಕುವುದಿಲ್ಲ.

ಕೊನೆಗೆ ಎಲೀಯನನ್ನು ಸಾಕ್ಷಿಗೆ ಕರೆದೆ. ಸಾಕಾಯಿತು, ಪ್ರಾಣ ತೆಗೆದುಕೋ ಎಂದು ಗಿಡದಡಿ ಬಿದ್ದುಕೊಂಡ ಪ್ರವಾದಿಗೆ ದೇವದೂತ ಬುದ್ಧಿಮಾತು ಹೇಳಲಿಲ್ಲ; ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದವನನ್ನು ಬೈಯಲೂ ಇಲ್ಲ, ಇನ್ನೊಮ್ಮೆ ಎಬ್ಬಿಸಿ ಉಣ್ಣಲು ಹೇಳಿದ. ಹೋರೇಬಿನ ನಲವತ್ತು ದಿನದ ದಾರಿ ಶುರುವಾದದ್ದು ಆಮೇಲೆ. ಹಿರಿಯರು ಗಡ್ಡ ಕೆರೆದುಕೊಂಡು, "ಹಂಗಾರ ಒಂದಿನ ಸಿಂಹಗಡಕ್ಕ ಹೋಗಿ ಬರ್ರಿ" ಎಂದರು.

ಹೋದೆ, ಕೋಟೆ ಹತ್ತಿದೆ. ಪಿಠಲ, ಭಾಕರಿ, ಮಡಕೆಯ ಮೊಸರು ಉಂಡು ಮರದಡಿ ಒರಗಿದೆ. ಕಣ್ಣು ಹತ್ತುವಷ್ಟರಲ್ಲಿ ಗಿಟಾರಿನ ಸದ್ದು. ನಮ್ಮದೇ ಯುವಜನ ಸಂಘ! "ಒಬ್ಬರೇ ಹೋಗ್ಯಾರಂತ ಗೊತ್ತಾತು, ಬ್ಯಾಸರ ಆಗಬಾರದು ಅಂತ ಬಂದ್ವಿ ಪಾಸ್ಟರ್." ಮಾರ್ಕನ ಸುವಾರ್ತೆಯಲ್ಲೂ ಇದೇ ಕಥೆ. ಉಣ್ಣಲೂ ಪುರುಸೊತ್ತಿಲ್ಲದ ಶಿಷ್ಯರನ್ನು ಯೇಸು ವಿಶ್ರಾಂತಿಗೆಂದು ದೋಣಿಯಲ್ಲಿ ಕರೆದೊಯ್ದರೆ, ಜನ ಕಾಲ್ನಡಿಗೆಯಲ್ಲೇ ಓಡಿ ಮೊದಲು ತಲುಪಿದ್ದರು. ಅಲ್ಲಿ ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಗಂಡಸರ ಊಟವಾಯಿತು. ಇಲ್ಲಿ ಹುಡುಗರು ತಿಂದ ಭಾಕರಿಯ ಬಿಲ್ಲು ನನ್ನ ತಲೆಗೆ ಬಂತು.

ಈಗ ಸಭೆಯ ಕಮಿಟಿ ಠರಾವು ಪಾಸು ಮಾಡಿದೆ: ಸೋಮವಾರ ಪಾಸ್ಟರಿಗೆ ರಜೆ, ಯಾರೂ ಫೋನ್ ಮಾಡಕೂಡದು. ಕಾರ್ಯದರ್ಶಿಗಳು ಅದನ್ನು ನನಗೆ ಫೋನ್ ಮಾಡಿ ತಿಳಿಸಿದ್ದು ಸೋಮವಾರ ಮಧ್ಯಾಹ್ನ ಎರಡೂವರೆಗೆ.