ಇನ್ನೊಂದು ಸುತ್ತು

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಂದಿಯ ಕಿವಿಗೆ ‘ಸಾಕು’ ಎನ್ನುವ ಮಾತು ಬೀಳುವುದೇ ಇಲ್ಲ. ಊಟಕ್ಕೆ ಕೂತವನು ತಾಟಿಗೆ ಅಡ್ಡ ಕೈ ಹಿಡಿದರೆ ಕೈಯ ಮೇಲೆಯೇ ರೊಟ್ಟಿ ಬಂದು ಕೂರುತ್ತದೆ, ಬೆರಳ ಸಂದಿಯಿಂದ ಶೇಂಗಾ ಹಿಂಡಿ ಉದುರುತ್ತದೆ. ತೊಗರಿ ಚೀಲದ ಬಾಯಿ ಹೊಲಿದ ಮೇಲೂ ಒಂದು ಹಗ್ಗ ಬಿಗಿಯದಿದ್ದರೆ ಸಮಾಧಾನವಿಲ್ಲ. ಇದೇ ಅಕ್ಕರೆ ನಟ್ಟು ಬೋಲ್ಟುಗಳ ಮೇಲೂ. ಬಾನೆಟ್ ಎತ್ತಿದ ಕಾರು ಕಂಡರೆ ದಾರಿಯಲ್ಲಿ ಹೋಗುವವನೂ ನಿಂತು, ಪಾನಾ ಇಸಕೊಂಡು, “ಇದು ಜರಾ ಲೂಸ್ ಅನಸ್ತದ ನೋಡ್ರಿ” ಎಂದು ಒಂದು ಸುತ್ತು ಬಿಗಿ ಮಾಡಿಯೇ ಮುಂದಕ್ಕೆ ಹೋಗುವುದು. ಹಾಗೇ ಬಿಟ್ಟು ಹೋದರೆ ರಾತ್ರಿ ನಿದ್ದೆ ಬರಲಿಕ್ಕಿಲ್ಲ.

ನನ್ನ ಮಾರುತಿ 800ಕ್ಕೆ ಈ ಅಕ್ಕರೆ ಮೂರು ತಾಲೂಕುಗಳಿಂದ ದಕ್ಕಿದೆ. ಮನೆ ಆಳಂದದಲ್ಲಿ, ಮಾಸ್ತರಿಕೆ ಅಫಜಲಪುರದಲ್ಲಿ, ಹೆಂಡತಿಯ ತವರು ಜೇವರ್ಗಿಯಲ್ಲಿ. 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಮೊದಲ ಗಿರಾಕಿಗೆ ಕೀಲಿಕೈ ಕೊಟ್ಟರಲ್ಲ, ಆ ವಂಶದ್ದು. 2014ರ ಜನವರಿಯಲ್ಲಿ ಅದರ ತಯಾರಿಕೆಯೇ ನಿಂತಿತು; ನನ್ನದು ಮಾತ್ರ ನಿಂತಿಲ್ಲ, ಅಂದರೆ ಪೂರ್ತಿ ನಿಂತಿಲ್ಲ. 796 ಸಿಸಿ, ಮೂರು ಸಿಲಿಂಡರ್, ಮೂರು ಪ್ಲಗ್. ಬಿಗಿ ಮಾಡಲು ಇಷ್ಟೇನಾ ಎಂದು ನಮ್ಮ ಸಣ್ಣ ಮಾವಾರಿಗೆ ಅದನ್ನು ಕಂಡಾಗಲೆಲ್ಲ ಬೇಸರ.

ಮಾವಾರು ಟ್ರ್ಯಾಕ್ಟರ್ ಮನುಷ್ಯ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅವರ ಕೈ ಪಳಗಿದ್ದು ಟ್ರಾಲಿಯ ಗಾಲಿ ಬೋಲ್ಟುಗಳಲ್ಲಿ. ಅಲ್ಲಿ ಪಾನಾಕ್ಕೆ ಪೈಪು ತೊಡಿಸಿ, ಪೈಪಿನ ತುದಿಗೆ ಹತ್ತಿ ನಿಲ್ಲುವುದೇ ಪದ್ಧತಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಾವು ಜೇವರ್ಗಿ ಮುಟ್ಟಿದಾಗ ಎಂಜಿನ್ ಒಂದು ಬಡಿತ ತಪ್ಪಿಸುತ್ತಿತ್ತು. ನಾನು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ನಡುವಿನ ಪ್ಲಗ್ ಅವರ ಕೈಯಲ್ಲಿತ್ತು. ಅಲ್ಯೂಮಿನಿಯಂ ಹೆಡ್ಡು ಆರುವ ತನಕ ಪ್ಲಗ್ಗಿಗೆ ಕೈ ಹಚ್ಚಬಾರದು. ಕಾದ ಅಲ್ಯೂಮಿನಿಯಂ ಮೆತ್ತಗಾಗಿರುತ್ತದೆ, ಉಕ್ಕಿನ ಪ್ಲಗ್ಗು ಅದರ ಚೂಡಿಯನ್ನು, ಅಂದರೆ ತಿರುಪಿನ ಗೀರುಗಳನ್ನು, ಕೆರೆದುಕೊಂಡೇ ಹೊರಗೆ ಬರುತ್ತದೆ. ಮತ್ತೆ ಕೂಡಿಸುವಾಗಲೂ ಮೊದಲು ಬೆರಳಿನಿಂದಲೇ ತಿರುವಬೇಕು, ಸೊಟ್ಟ ಹೋದರೆ ಬೆರಳಿಗೆ ಗೊತ್ತಾಗುತ್ತದೆ. ಪಾನಾಕ್ಕೆ ಗೊತ್ತಾಗುವುದಿಲ್ಲ. ಮಾವಾರು ಶುರುವಿನಿಂದಲೇ ಪಾನಾ ಹಾಕಿದರು. ಬಿಗಿಯಾಯಿತು. ಇನ್ನೂ ಬಿಗಿಯಾಯಿತು. ಆಮೇಲೆ ಯಾಕೋ ಸಲೀಸಾಗಿ ತಿರುಗಿತು. “ಈಗ ಬರೋಬ್ಬರಿ ಕೂತದ ನೋಡ್ರಿ” ಎಂದರು.

ಆ ಪ್ಲಗ್ಗಿನ ಪಾಡು ಸ್ವಲ್ಪ ವಿಚಾರ ಮಾಡಿ. ರಂಧ್ರದ ಅಡ್ಡಳತೆ 14 ಮಿ.ಮೀ. ಪೆಟ್ರೋಲ್ ಹೊತ್ತಿಕೊಂಡಾಗ ಒಳಗಿನ ಒತ್ತಡ ಒಂದು ಚದರ ಸೆಂಟಿಮೀಟರಿಗೆ 40 ಕಿಲೋ ಎಂದು ಹಿಡಿದರೂ ಪ್ಲಗ್ಗಿನ ತಳಕ್ಕೆ ಸುಮಾರು 60 ಕಿಲೋದ ಒದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇಂಥ ಒದೆ ಸೆಕೆಂಡಿಗೆ 25. ಇದನ್ನೆಲ್ಲ ತಡೆಯುವುದು ಕೂದಲೆಳೆಯ ಲೆಕ್ಕದಲ್ಲಿ ಕೊರೆದ ಕೆಲವೇ ಸುತ್ತು ಅಲ್ಯೂಮಿನಿಯಂ ಗೀರು. ಆ ಗೀರುಗಳನ್ನೇ ಮಾವಾರು ಕಿತ್ತು ಪ್ಲಗ್ಗು ‘ಕೂಡಿಸಿದ್ದು’.

ಸಂಜೆ ಕಲಬುರಗಿ ದಾರಿ ಹಿಡಿದು ಕಟ್ಟಿಸಂಗಾವಿಯ ಭೀಮಾ ಸೇತುವೆಯ ನಡುಮಧ್ಯಕ್ಕೆ ಬಂದಿದ್ದೆವು. ಢಬ್ ಎಂದಿತು. ಹಿಂದೆ ಬರುತ್ತಿದ್ದ ಬೈಕಿನವನು ಇಳಿದು ತನ್ನ ಎರಡೂ ಟೈರು ಒತ್ತಿ ನೋಡಿದ. ಹೆಂಡತಿ ಮಾತ್ರ ಕದಲಲಿಲ್ಲ. “ಕುಕ್ಕರಿನ ಸೀಟಿ ಹಾರಿದಂಗ ಆಯ್ತಲ್ರಿ” ಎಂದಳು. ಬಾನೆಟ್ ಎತ್ತಿದರೆ ಪ್ಲಗ್ಗು ತನ್ನ ವೈರಿಗೆ ಜೋತು ತೂಗುತ್ತಿತ್ತು, ಮೈತುಂಬ ಅಲ್ಯೂಮಿನಿಯಂ ಸುರುಳಿ ಸುತ್ತಿಕೊಂಡು. ಒಂದು ಸಿಲಿಂಡರು ಆಕಾಶಕ್ಕೆ ಬಾಯಿ ತೆರೆದ ಎಂಜಿನ್ನನ್ನು ಓಡಿಸುವುದಲ್ಲ, ಪೆಟ್ರೋಲ್ ಹೊರಗೆ ಸಿಡಿದು ಬೆಂಕಿಯೂ ಹತ್ತಬಹುದು. ಖಾಲಿ ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ ಮತ್ತೆ ಜೇವರ್ಗಿಗೇ ಎಳೆದು ತಂದಿತು. ಹಗ್ಗದ ಗಂಟು ನಾಲ್ಕು ಜನ ಸೇರಿ ಬಿಗಿದದ್ದು, ಬಿಚ್ಚಲು ಕುಡಗೋಲೇ ಬೇಕಾಯಿತು.

ಅಂಗಳದಲ್ಲಿ ಸಲಹೆಗಳಿಗೆ ಕೊರತೆಯಿರಲಿಲ್ಲ. ಒಬ್ಬರು ಎಂ-ಸೀಲ್ ಮೆತ್ತು ಎಂದರು. ನಳದ ಕೆಲಸದವರು ಸೆಣಬಿನ ಎಳೆ ಸುತ್ತಿದರೆ ಹನಿ ಸೋರುವುದಿಲ್ಲ ಎಂದು ಭರವಸೆ ಕೊಟ್ಟರು. ಸೊಲ್ಲಾಪುರಕ್ಕೆ ಹೋಗಿ ಹೆಡ್ಡನ್ನೇ ಬದಲಿಸು ಎಂದವರು ಸ್ವಂತ ಕಾರು ಇಲ್ಲದವರು. ನಾನು ಅಫಜಲಪುರದ ಲೇಥ್ ಉಸ್ತಾದರಿಗೆ ಫೋನು ಹಚ್ಚಿದೆ. ಹವಳಗಾ ಕಾರ್ಖಾನೆಗೆ ಕಬ್ಬು ಹೊರುವ ಟ್ರಾಲಿಗಳ ಪಿನ್ನು, ಹಬ್ಬು ಮಾಡಿಕೊಡುತ್ತಲೇ ಗಡ್ಡ ನರೆತವರು. ಹಂಗಾಮು ಮುಗಿದಿತ್ತು, ಬರಲು ಒಪ್ಪಿದರು. “ಮಾಸ್ತರ್ ಸಾಬ್, ಯಾರಿಗೂ ಕೈ ಹಚ್ಚಲಕ್ಕ ಬಿಡಬ್ಯಾಡ್ರಿ. ಮೊದಲ ಪಾನಾ ಎತ್ತಿಡ್ರಿ.”

ಮರುದಿನ ಬಸ್ಸಿನಲ್ಲಿ ಚೀಲ ಹಿಡಿದು ಬಂದವರು ಪ್ಲಗ್ಗಿನ ಕಡೆ ನೋಡುವ ಮೊದಲೇ ಏರ್ ಕ್ಲೀನರಿನ ಬೋಲ್ಟೊಂದನ್ನು ಬೆರಳಲ್ಲಿ ತಟ್ಟಿದರು. ಅದು 8 ಮಿ.ಮೀ. ತೂತಿಗೆ ಹೊಕ್ಕ ಹಳೆಯ ಜೀಪಿನ 5/16 ಇಂಚಿನ ಬೋಲ್ಟು, ಮಾವಾರ ಡಬ್ಬಿಯ ಪೈಕಿ. 5/16 ಇಂಚು ಅಂದರೆ 7.94 ಮಿ.ಮೀ.; ಕಣ್ಣಿಗೆ ಎರಡೂ ಒಂದೇ. ಚೂಡಿಯ ಅಂತರ ಮಾತ್ರ ಬೇರೆ, ಎರಡು ಸುತ್ತು ನೆಂಟರ ಹಾಗೆ ಒಳಗೆ ಹೋಗಿ ಮೂರನೆಯದಕ್ಕೆ ಕಚ್ಚುತ್ತದೆ. ಒಂದು ದೇಶಕ್ಕೆ ಒಂದೇ ಚೂಡಿ ಇರಲಿ ಎಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಅದರ ಗೀರಿನ ಕೋನಕ್ಕೆ 55 ಡಿಗ್ರಿಯ ಲೆಕ್ಕ ಹಾಕಿಕೊಟ್ಟ. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ ಅಲ್ಲ, 60 ಇರಲಿ ಎಂದ. ಆಮೇಲೆ ಮಿಲಿಮೀಟರಿನವರು ಬಂದರು. ಇವರೆಲ್ಲರ ವಂಶಸ್ಥರು ಮಾವಾರ ಒಂದೇ ಡಾಲ್ಡಾ ಡಬ್ಬಿಯಲ್ಲಿ ಕೂಡಿ ಬಾಳುತ್ತಾರೆ.

“ಕೂತದಲ್ರಿ ಉಸ್ತಾದ್, ಏನಾಗ್ಯಾದ ಅದಕ್ಕ?” ಎಂದರು ಮಾವಾರು.

“ಕೂತಿಲ್ರಿ ಗೌಡ್ರ, ಸಿಕ್ಕಿ ಬಿದ್ದದ.”

ಪ್ಲಗ್ಗಿನ ರಂಧ್ರಕ್ಕೆ ಉಸ್ತಾದರು ಹಾಕಿದ್ದು ಸ್ಪ್ರಿಂಗ್. ಹೆಲಿಕಾಯಿಲ್ ಎಂದು ಪೊಟ್ಟಣದ ಮೇಲೆ ಹೆಸರು. 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಉಪಾಯ. ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿ, ಆದರೆ ತಂತಿ ದುಂಡಗಿಲ್ಲ, ಕತ್ತರಿಸಿ ನೋಡಿದರೆ ವಜ್ರಾಕಾರ. ಅದರ ಹೊರಮೈ ಹೆಡ್ಡಿಗೆ ಕಚ್ಚುತ್ತದೆ, ಒಳಮೈಯೇ ಪ್ಲಗ್ಗಿಗೆ ಹೊಸ ಚೂಡಿ. ಮೊದಲು ಒಂದು ನಂಬರು ದೊಡ್ಡದಾದ ಟ್ಯಾಪಿನಿಂದ ಹಳೆಯ ತೂತಿನಲ್ಲಿ ಚೂಡಿ ಹೊಡೆಯಬೇಕು. ಹೆಡ್ಡು ಬಿಚ್ಚಿ ಮಾಡಿದರೆ ನಿಶ್ಚಿಂತೆ. ಬಿಚ್ಚದೆ ಮಾಡುವುದಾದರೆ ಟ್ಯಾಪಿನ ತೋಡುಗಳಿಗೆ ಗ್ರೀಸು ತುಂಬಬೇಕು, ಲೋಹದ ಚೂರು ಅದಕ್ಕೇ ಅಂಟಿ ಬರಲೆಂದು. ಉಸ್ತಾದರು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುವುವರು. ತೆಗೆದು ಒರೆಸಿ, ಗ್ರೀಸು ತುಂಬಿ, ಮತ್ತೆ ಅರ್ಧ, ಮತ್ತೆ ಕಾಲು. ಹಿಂದಕ್ಕೆ ತಿರುವಿದಾಗಲೆಲ್ಲ ಮಾವಾರು ನಿಟ್ಟುಸಿರು ಬಿಡುವರು. ಬಿಗಿ ಮಾಡಿದ್ದನ್ನು ಕೈಯಾರೆ ಸಡಿಲಿಸುವುದನ್ನು ಅವರು ನೋಡಿದ್ದು ಅದೇ ಮೊದಲಿರಬೇಕು.

ಓಣಿಯ ಹುಡುಗನೊಬ್ಬ ಒಡೆದ ಸ್ಪೀಕರಿನ ಅಯಸ್ಕಾಂತ ತಂದ, ಒಳಗೆ ಬಿದ್ದ ಚೂರು ಎಳೆದು ತೆಗೆಯಲು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಸೊಪ್ಪು ಹಾಕುವುದಿಲ್ಲ ಎಂದು ನಾನು ಮಾಸ್ತರಿಕೆ ತೋರಿಸುವಷ್ಟರಲ್ಲಿ ಅದು ಹೋಗಿ ಬ್ಯಾಟರಿ ಪಕ್ಕದ ತಗಡಿಗೆ ಅಂಟಿತು, ಅದನ್ನು ಕೀಳಲು ಇಬ್ಬರು ಬೇಕಾದರು. ಕೊನೆಗೆ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಸಣ್ಣ ನಳಿಗೆಯಲ್ಲಿ ಗಾಳಿ ಬಿಟ್ಟು ಉಳಿದ ಚೂರು ಹಾರಿಸಿದರು.

ಸುರುಳಿ ಇಳಿಯಿತು. ಅದರ ತುದಿಗೆ ಒಂದು ಅಡ್ಡ ಬಾಲ ಇರುತ್ತದೆ. ಸುರುಳಿ ತಿರುವಲು ಹಿಡಿಯುವುದು ಅದನ್ನೇ, ಆಮೇಲೆ ಮುರಿದು ತೆಗೆಯಬೇಕು. ತೆಗೆಯುವಾಗ ಕೈ ತಪ್ಪಿದರೆ ಬಾಲ ನೇರ ಪಿಸ್ಟನ್ನಿನ ತಲೆಯ ಮೇಲೆ. ಉದ್ದ ಮೂತಿಯ ಇಕ್ಕಳ ಒಳಗಿಳಿಯಿತು. ಟಾರ್ಚು ಹಿಡಿದಿದ್ದ ಮಾವಾರು ಉಸಿರು ಕಟ್ಟಿದರು. ಬಾಲ ಇಕ್ಕಳದಲ್ಲೇ ಮೇಲೆ ಬಂತು.

ಹೊಸ ಪ್ಲಗ್ಗನ್ನು ಉಸ್ತಾದರು ಬೆರಳಿನಿಂದಲೇ ತಳ ಮುಟ್ಟಿಸಿದರು. ವಾಷರ್ ಅದುಮಲೆಂದು ಪಾನಾದಿಂದ ಅರ್ಧ ಸುತ್ತು. ನಿಂತರು.

“ಇಷ್ಟಽ ಏನ್ರಿ?” ಮಾವಾರ ಕೈ ತನ್ನಷ್ಟಕ್ಕೆ ಮುಂದೆ ಬಂತು.

“ಇಷ್ಟಽ ರಿ. ಒಂದು ಫೂಟಿನ ಪಾನಾದ ತುದಿಗೆ ಹತ್ತು ಕಿಲೋ ತೂಗಿದ್ರ ಬೇಕಾದಷ್ಟಾಯ್ತು. ಈ ಸ್ಪ್ರಿಂಗ್ ಕಂಪನಿ ಚೂಡಿಗಿಂತ ಗಟ್ಟಿ ಅದ.”

ಮಾವಾರು ಉಳಿದ ಎರಡು ಪ್ಲಗ್ಗುಗಳನ್ನು ಹೊಸ ಕಣ್ಣಿನಿಂದ ನೋಡತೊಡಗಿದರು. “ಹಂಗಾದ್ರ ಅವೆರಡೂ ಕಚ್ಚಾನೇ ಅವ ಅಂದಂಗಾಯ್ತು.”

ಉಸ್ತಾದರು ಮಾತಾಡಲಿಲ್ಲ. ಕಾರಿನ ಪ್ಲಗ್ ಪಾನಾವನ್ನು ಒರೆಸಿ ತಮ್ಮ ಚೀಲಕ್ಕೆ ಹಾಕಿ, ಝಿಪ್ ಎಳೆದು, ಬಿಲ್ಲಿನಲ್ಲಿ ಅದರ ರೊಕ್ಕ ಮುರಿದುಕೊಂಡರು. ಪಾನಾಕ್ಕೆ ಇಷ್ಟು ಕಡಿಮೆ ಹಿಡಿದರೆ ಹೇಗೆ ಎಂದು ಮಾವಾರು ಬಸ್ ಸ್ಟ್ಯಾಂಡಿನವರೆಗೂ ಚೌಕಾಸಿ ಮಾಡುತ್ತ ಹೋದರು.