ಮೆಡಿಕಲ್ ಶಾಪಿನ ಗೋಡೆ ಶಾಸನಗಳು: ಒಂದು ಲಿಪಿಶಾಸ್ತ್ರೀಯ ಅಧ್ಯಯನ

ಪೀಠಿಕೆ: ಬಿ.ಎಲ್. ರೈಸ್ ಅವರಿಂದ ಮೊದಲುಗೊಂಡು ಅನೇಕರು ನಾಡಿನ ಬಂಡೆ, ಕಂಬ, ತಾಮ್ರಪಟಗಳನ್ನೆಲ್ಲ ಓದಿ ಮುಗಿಸಿದ್ದಾರೆ. ಆದರೆ ಬಸ್‌ಸ್ಟ್ಯಾಂಡಿನ ಎದುರಿನ ಮೆಡಿಕಲ್ ಶಾಪಿನಲ್ಲಿ, ಗಾಜಿನ ಚೌಕಟ್ಟಿನೊಳಗೆ ತೂಗುವ ಶಾಸನಗಳನ್ನು ಈವರೆಗೆ ಓದಿದವರು ಡ್ರಗ್ ಇನ್‌ಸ್ಪೆಕ್ಟರ್ ಒಬ್ಬರೇ. ಆ ಕೊರತೆಯನ್ನು ನೀಗಲು ಈ ಪ್ರಬಂಧ.

ಕಾಲನಿರ್ಣಯ: ಮೂಲಪಾಠ 1940ರ ಔಷಧ ಕಾಯ್ದೆ, ಅದರ ಟೀಕು 1945ರ ನಿಯಮಾವಳಿ. ಗೋಡೆಯ ಮೇಲಿರುವುದು ಜೋಡಿ ಶಾಸನ, ನಮೂನೆ 20 ಮತ್ತು ನಮೂನೆ 21ರ ಲೈಸೆನ್ಸುಗಳು. ಹಳೆಯ ದತ್ತಿಗಳು ಆಚಂದ್ರಾರ್ಕ ನಡೆಯುತ್ತಿದ್ದವು. 2017ರ ತಿದ್ದುಪಡಿಯ ನಂತರ ಲೈಸೆನ್ಸೂ ಆಚಂದ್ರಾರ್ಕವೇ. ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟದಿದ್ದರೆ ಮಾತ್ರ ಚಂದ್ರನೂ ಇಲ್ಲ, ಅರ್ಕನೂ ಇಲ್ಲ.

ದತ್ತಿಭೂಮಿ: ಹಿಂದಿನವರಿಗೆ ಮತ್ತರುಗಟ್ಟಲೆ ಸಿಕ್ಕಿತು. ಇಲ್ಲಿ ಕನಿಷ್ಠ 10 ಚದರ ಮೀಟರ್. ಅಷ್ಟರಲ್ಲೇ ಫ್ರಿಜ್ಜು, ಕಪಾಟು, ‘ಮಾರಾಟಕ್ಕಲ್ಲ’ ಎಂದು ಹಣೆಬರಹ ಹೊತ್ತ ಎಕ್ಸ್‌ಪೈರಿ ಡಬ್ಬ, ಮಾಲೀಕ, ಅವನ ಚಿಂತೆ. ಜೊತೆಗೆ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರು ಇರಲೇಬೇಕು. ಕೆಲವೆಡೆ ಸರ್ಟಿಫಿಕೇಟು ಗೋಡೆಯಲ್ಲಿದ್ದು, ಫಾರ್ಮಸಿಸ್ಟ್ ಪರಊರಲ್ಲಿರುತ್ತಾರೆ. ಇಂಥದ್ದನ್ನು ವೀರಗಲ್ಲು ಎಂದು ವರ್ಗೀಕರಿಸುವುದು ಸೂಕ್ತ: ಕಲ್ಲಿದೆ, ವೀರನಿಲ್ಲ.

ನಾಮಮೀಮಾಂಸೆ: ನಿಯಮ 65ರ ಪ್ರಕಾರ, ಫಾರ್ಮಸಿಸ್ಟ್ ಬೇಕಿಲ್ಲದ ಅಂಗಡಿ ‘ಡ್ರಗ್‌ಸ್ಟೋರ್’, ಫಾರ್ಮಸಿಸ್ಟ್ ಇದ್ದೂ ಔಷಧ ಅರೆಯದ ಅಂಗಡಿ ‘ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್’, ಚೀಟಿ ನೋಡಿ ಔಷಧ ಅರೆದುಕೊಡುವುದು ಮಾತ್ರ ‘ಫಾರ್ಮಸಿ’. ಈ ಪಟ್ಟಕ್ಕೇರಲು ಎನ್ ಅನುಸೂಚಿಯಂತೆ ತಕ್ಕಡಿ, ಕುಟ್ಟಾಣಿ, ಸ್ಪಿರಿಟ್ ದೀಪ, ಬೂಚು ಕೀಳುವ ಸಾಧನ, ಗುಳಿಗೆ ಕಟ್ಟುವ ಯಂತ್ರ ಬೇಕು. ಬೂಚಿನ ಬಾಟಲಿ ಕಾಣೆಯಾದರೂ ಬೂಚು ಕೀಳುವ ಸಾಧನ ಅನುಸೂಚಿಯಲ್ಲಿ ಭದ್ರವಾಗಿದೆ. ‘ಮೆಡಿಕಲ್ ಶಾಪ್’ ಎಂಬ ಹೆಸರು ಮಾತ್ರ ಈ ನಿಯಮದಲ್ಲಿಲ್ಲ. ಅಂದರೆ ನಾವೆಲ್ಲ ಇಷ್ಟು ದಿನ ಮಾತ್ರೆ ತಂದದ್ದು ಇಲ್ಲದ ಅಂಗಡಿಯಿಂದ.

ಪಾಠಾಂತರ ನಿಷೇಧ: ವೈದ್ಯರ ಲಿಪಿಯನ್ನು ಅಂಗಡಿಯವನು ಹೇಗೋ ಓದುತ್ತಾನೆ. ಆದರೆ ಚೀಟಿಯಿಲ್ಲದೆ ಮಾರಬಾರದ ಎಚ್ ಅನುಸೂಚಿಯ ಔಷಧವಾದರೆ, ಬರೆದ ಬ್ರ್ಯಾಂಡ್ ಬಿಟ್ಟು ಅದೇ ಔಷಧದ ಅಗ್ಗದ ಬ್ರ್ಯಾಂಡ್ ಕೊಡುವಂತಿಲ್ಲ. ಸಂಪಾದಕನಿಗೆ ಅರ್ಥ ಗೊತ್ತು, ತಿದ್ದುವ ಹಕ್ಕಿಲ್ಲ. ಇನ್ನೂ ಕಟ್ಟುನಿಟ್ಟಿನ ಎಚ್1 ಅನುಸೂಚಿಯದಾದರೆ ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದ ಹಸ್ತಪ್ರತಿಯನ್ನು ಮೂರು ವರ್ಷ ಕಾಪಾಡಬೇಕು. ಓಲೆಗರಿಗೆ ಗೆದ್ದಲಿನ ಭಯವಿತ್ತು. ಇದಕ್ಕೆ ತಪಾಸಣೆಯ ಭಯ.

ಶಾಪಾಶಯ: ಹಳೆಯ ಶಾಸನ ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಇಲ್ಲಿ ಲೈಸೆನ್ಸ್ ಅಮಾನತು; ಪಾಪವನ್ನು ಮುಂದಿನ ಜನ್ಮಕ್ಕೆ ಉದ್ರಿ ಇಡುವಂತಿಲ್ಲ. ಇನ್ನು ಮೊಬೈಲಿನೊಳಗಿನ ಅಂಗಡಿ. ಅದಕ್ಕೆಂದು 2018ರಲ್ಲಿ ಹೊರಟ ಕರಡು ನಿಯಮ ವರ್ಷಗಟ್ಟಲೆ ಕರಡಾಗಿಯೇ ಕೂತಿತು. ಕಾರಣ ಲಿಪಿಶಾಸ್ತ್ರೀಯವೇ ಇರಬೇಕು: ಗೋಡೆಯೇ ಇಲ್ಲದಲ್ಲಿ ಶಾಸನ ತೂಗುಹಾಕುವುದೆಲ್ಲಿ?

ಕ್ಷೇತ್ರಕಾರ್ಯ: ನಾನು ಪಡಿಯಚ್ಚು ತೆಗೆಯುತ್ತಿದ್ದಾಗ ಅಜ್ಜಿಯೊಬ್ಬರು ಬಂದರು.

“ಹೋದ್ಸಲ ಕೊಟ್ಟಿದ್ಯಲ್ಲಪ್ಪ, ಆ ಕೆಂಪು ಗುಳಿಗೆ, ಎರಡೇ ಎರಡು ಕೊಡು.”

“ಚೀಟಿ ಎಲ್ಲಜ್ಜಿ?”

ಅಜ್ಜಿ ಗೋಡೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

“ಅಷ್ಟೊಂದು ತೂಗಾಕಿದೀಯಲ್ಲೋ, ಅದ್ರಲ್ಲೇ ಒಂದು ತಗೊಳಪ್ಪ.”